ಸ್ಪೋರ್ಟ್ಸ್ ಕಾರಿನೊಳಗೊಬ್ಬ ಅಂಬಾಸಿಡರ್

ಹಳೆಯ ಸ್ಪೋರ್ಟ್ಸ್ ಕಾರೆಂದರೆ ಸಾಹುಕಾರರ ಷೋಕಿ, ಅದರ ರಿಪೇರಿಯೆಂದರೆ ಮುಂಬೈ–ಪುಣೆಯವರ ಕೆಲಸ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಆದರೆ ಬಾನೆಟ್ ಎತ್ತಿ, ಟೈಮಿಂಗ್ ಕವರ್ ಬಿಚ್ಚಿ ನೋಡಿದರೆ ಒಳಗಿರುವ ಸರಂಜಾಮು ಗೋಕಾಕ ಸೀಮೆಯ ಮಿಸ್ತ್ರಿಗಳಿಗೆ ಎಂದೋ ಪರಿಚಯವಾದದ್ದು.

ಬೋರ್ 73 ಮಿ.ಮೀ., ಸ್ಟ್ರೋಕ್ 88.9 ಮಿ.ಮೀ., ನಾಲ್ಕು ಸಿಲಿಂಡರ್, ಒಟ್ಟು 1489 ಸಿ.ಸಿ. ಈ ಲೆಕ್ಕ ಹೇಳಿದರೆ ಗೋಕಾಕ, ಹುಕ್ಕೇರಿ, ಸಂಕೇಶ್ವರದ ಕಡೆಯ ಹಳೆಯ ಮಿಸ್ತ್ರಿಗಳು ಹಿಂದೆಮುಂದೆ ನೋಡದೆ ‘ಅಂಬಾಸಿಡರ್’ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಹಳೆಯ ಕಾರುಗಳ ಹುಚ್ಚು ಹಿಡಿದವರ ಮುಂದೆ ಅದೇ ಲೆಕ್ಕ ಹೇಳಿದರೆ ‘ಎಂಜಿಎ’ ಎಂಬ ಉತ್ತರ ಬರುತ್ತದೆ. ಇಬ್ಬರದೂ ಸರಿ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ತಯಾರಿಸಿದ ಬಿ–ಸೀರೀಸ್ ಎಂಬ ಒಂದೇ ಇಂಜಿನ್ ಎರಡೂ ಕಾರುಗಳ ಹೊಟ್ಟೆಯಲ್ಲಿತ್ತು.

1955ರಲ್ಲಿ ರಸ್ತೆಗಿಳಿದ ಎಂಜಿಎ ಎರಡೇ ಸೀಟಿನ, ತಲೆ ತೆರೆದ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡಂತಿದ್ದ ಸ್ಪೋರ್ಟ್ಸ್ ಕಾರು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಕಟ್ಟಿದ ಅಂಬಾಸಿಡರ್ ಅದರ ತದ್ವಿರುದ್ಧ: ಮದುವೆ ದಿಬ್ಬಣ, ತಹಶೀಲ್ದಾರರ ದೌರೆ, ಬೆಳಗಾವಿಯ ಬಾಡಿಗೆ ಟ್ಯಾಕ್ಸಿ, ಎಲ್ಲಕ್ಕೂ ಒಗ್ಗುವ ಗಾಡಿ. 1959ರ ಹೊತ್ತಿಗೆ ಅದಕ್ಕೂ ಈ 1489 ಸಿ.ಸಿ. ಇಂಜಿನ್ ಬಂತು. ಎಂಜಿಎಗೆ ಎರಡು ಕಾರ್ಬ್ಯುರೇಟರ್, ಅಂಬಾಸಿಡರ್‌ಗೆ ಒಂದು. ಒಂದು ಓಡಲು ಹುಟ್ಟಿತು, ಇನ್ನೊಂದು ಹೊರಲು. 1962ರಲ್ಲಿ ಎಂಜಿಎಯ ಜಾಗಕ್ಕೆ ಎಂಜಿಬಿ ಬಂದಾಗ ಬೋರ್ 80 ಮಿ.ಮೀ. ದಾಟಿ ಇಂಜಿನ್ 1798 ಸಿ.ಸಿ.ಗೆ ಹಿಗ್ಗಿತು. ಸ್ಟ್ರೋಕ್ ಮಾತ್ರ ಅದೇ 88.9. 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಅಂಬಾಸಿಡರ್ 2014ರ ತನಕ ಉಸಿರು ಹಿಡಿದುಕೊಂಡಿತ್ತು.

ಈ ಬೀಗತನ ಒಂದೇ ಜೋಡಿಗೆ ಮುಗಿಯುವುದಿಲ್ಲ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನೆನಪಿರಬಹುದು. ಅದರ ಚಾಸಿಯ ಮೇಲೆಯೇ ಇಂಗ್ಲೆಂಡಿನ ಟ್ರಯಂಫ್ ಕಂಪನಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಕಟ್ಟಿತು. ನಮ್ಮ ಪಕ್ಕದ ಗೋವಾದಲ್ಲಿ 1990ರ ದಶಕದ ಕೊನೆಯಲ್ಲಿ ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ ತಯಾರಿಸಿದ ಸ್ಯಾನ್ ಸ್ಟಾರ್ಮ್, ಫೈಬರ್ ಮೈಯ ಎರಡು ಸೀಟಿನ ಪುಟ್ಟ ಕಾರು. ಅದರೊಳಗಿದ್ದದ್ದು ಫ್ರಾನ್ಸಿನಲ್ಲಿ ಸಂಸಾರಸ್ಥರು ಸಂತೆಗೆ ಒಯ್ಯುವ ರೆನೊ ಕಾರುಗಳ 1149 ಸಿ.ಸಿ. ಇಂಜಿನ್. ಅಗ್ಗದ ಸ್ಪೋರ್ಟ್ಸ್ ಕಾರು ಕಟ್ಟುವವರ ಲೆಕ್ಕಾಚಾರವೇ ಹೀಗೆ. ಮೈ ಹೊಸದು, ಎದೆ ಹಳೆಯದು. ಕಾರು ಮುಪ್ಪಾದಾಗ ಅದರ ಮಾಲೀಕನಿಗೆ ದಕ್ಕುವ ದೊಡ್ಡ ವರವೂ ಇದೇ.

ಎರಡು ಸುತ್ತಿಗೆ ಒಂದು ಸುತ್ತು

ಹಳೆಯ ಇಂಜಿನ್‌ನಲ್ಲಿ ಸವೆಯುವ ಭಾಗಗಳು ಹತ್ತಾರು. ಬೇರಿಂಗ್ ಸವೆದರೆ ಆಯಿಲ್ ಪ್ರೆಷರ್ ಇಳಿಯುತ್ತದೆ, ರಿಂಗ್ ಸವೆದರೆ ನೀಲಿ ಹೊಗೆ ಬರುತ್ತದೆ. ಟೈಮಿಂಗ್ ಸರಂಜಾಮು ಸವೆದರೆ ಮಾತ್ರ ಯಾವ ಒಂದು ಭಾಗವೂ ಕೆಟ್ಟಂತೆ ಕಾಣುವುದಿಲ್ಲ. ಎಲ್ಲ ಭಾಗಗಳೂ ತಮ್ಮ ತಮ್ಮ ಕೆಲಸ ಮಾಡುತ್ತಿರುತ್ತವೆ, ಆದರೆ ಹೊತ್ತಿಗೆ ಸರಿಯಾಗಿ ಮಾಡುವುದಿಲ್ಲ.

ಪೆಟ್ರೋಲ್ ಇಂಜಿನ್ ನಾಲ್ಕು ಹೆಜ್ಜೆಯಲ್ಲಿ ಉಸಿರಾಡುತ್ತದೆ: ಗಾಳಿ–ಪೆಟ್ರೋಲ್ ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊಗೆ ಹೊರಹಾಕುವುದು. ಇಷ್ಟರಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಹಾಕಿರುತ್ತದೆ. ಪ್ರತಿ ವಾಲ್ವ್ ತೆರೆಯಬೇಕಾದದ್ದು ಈ ಎರಡು ಸುತ್ತಿಗೆ ಒಂದೇ ಸಲ. ಆದ್ದರಿಂದ ವಾಲ್ವ್‌ಗಳನ್ನು ಎತ್ತುವ ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗಬೇಕು. ಕ್ರ್ಯಾಂಕ್‌ನ ಮೂತಿಗೆ ಚಿಕ್ಕ ಸ್ಪ್ರಾಕೆಟ್, ಕ್ಯಾಮ್‌ನ ಮೂತಿಗೆ ಅದರ ಎರಡರಷ್ಟು ಹಲ್ಲಿನ ದೊಡ್ಡ ಸ್ಪ್ರಾಕೆಟ್, ಎರಡನ್ನೂ ಸುತ್ತಿ ಒಂದು ಚೈನ್, ಚೈನ್ ಸಡಿಲಾಗದಂತೆ ಒತ್ತಿ ಹಿಡಿಯಲು ಒಂದು ಟೆನ್ಷನರ್. ಟೈಮಿಂಗ್ ಸೆಟ್ ಅಂದರೆ ಇಷ್ಟೇ.

ಇಷ್ಟೇ ಆದರೂ ಲೆಕ್ಕ ನಾಜೂಕು. ಎಂಜಿಬಿಯ ಇಂಜಿನ್‌ನಲ್ಲಿ ಇನ್‌ಲೆಟ್ ವಾಲ್ವ್ ತೆರೆಯುವುದು ಪಿಸ್ಟನ್ ತುತ್ತತುದಿ ಮುಟ್ಟುವ 16 ಡಿಗ್ರಿ ಮೊದಲು. ಮುಚ್ಚುವುದು ಪಿಸ್ಟನ್ ತಳ ಮುಟ್ಟಿ ಮೇಲೇಳಲು ಹಿಡಿದ 56 ಡಿಗ್ರಿ ನಂತರ. ಎಕ್ಸಾಸ್ಟ್ ವಾಲ್ವ್ ತಳಕ್ಕೆ 51 ಡಿಗ್ರಿ ಮೊದಲೇ ತೆರೆದು, ತುದಿ ದಾಟಿದ 21 ಡಿಗ್ರಿಗೆ ಮುಚ್ಚುತ್ತದೆ. ಅಂದರೆ ತುದಿಯ ಆಚೀಚೆ 37 ಡಿಗ್ರಿಯಷ್ಟು ಹೊತ್ತು ಎರಡೂ ಬಾಗಿಲು ಒಟ್ಟಿಗೇ ತೆರೆದಿರುತ್ತವೆ. ಹೊರಹೋಗುವ ಹೊಗೆಯ ರಭಸವೇ ಒಳಬರುವ ಗಾಳಿಯನ್ನು ಎಳೆದು ತರುತ್ತದೆ. ನಿಮಿಷಕ್ಕೆ 5000 ಸುತ್ತಿನಲ್ಲಿ ಇದೆಲ್ಲ ಪ್ರತಿ ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು ಸಲ ನಡೆಯಬೇಕು. ಟ್ಯಾಕ್ಸಿಯ ಇಂಜಿನ್ ಸ್ಪೋರ್ಟ್ಸ್ ಕಾರಿನಂತೆ ಓಡುವುದರಲ್ಲಿ ಈ ಡಿಗ್ರಿಗಳ ಪಾಲು ದೊಡ್ಡದು. ಅವು ಎರಡು–ಮೂರು ಜಾರಿದರೆ ಸ್ಪೋರ್ಟ್ಸ್ ಕಾರು ಮತ್ತೆ ಟ್ಯಾಕ್ಸಿಯಂತೆ ಓಡತೊಡಗುತ್ತದೆ.

ಚೈನ್ ಹಿಗ್ಗುವುದು ಹೇಗೆ?

ಚೈನ್ ಉದ್ದವಾಗಿದೆ ಎನ್ನುತ್ತೇವೆ. ಉಕ್ಕಿನ ಪಟ್ಟಿಗಳು ನಿಜಕ್ಕೂ ಹಿಗ್ಗುವುದಿಲ್ಲ. ಪ್ರತಿ ಕೊಂಡಿಯಲ್ಲೂ ಒಂದು ಪಿನ್ ಮತ್ತು ಅದರ ಸುತ್ತ ಒಂದು ಬುಷ್ ಇರುತ್ತದೆ, ಸವೆಯುವುದು ಅವು. ಒಂದು ಕೊಂಡಿಯಲ್ಲಿ 0.05 ಮಿ.ಮೀ. ಸವೆತ ಅಂದರೆ ಕಣ್ಣಿಗೆ ಕಾಣದ, ಉಗುರಿಗೂ ಸಿಗದ ಅಳತೆ. ಐವತ್ತು ಕೊಂಡಿಗಳ ಚೈನ್‌ನಲ್ಲಿ ಅದೇ ಒಟ್ಟುಗೂಡಿ ಎರಡೂವರೆ ಮಿ.ಮೀ. ಆಗುತ್ತದೆ. ಎಳೆಯುವ ಬದಿಯ ಚೈನ್ ಉದ್ದವಾದಷ್ಟೂ ಕ್ಯಾಮ್ ಹಿಂದೆ ಬೀಳುತ್ತದೆ, ವಾಲ್ವ್‌ಗಳು ತಡವಾಗಿ ತೆರೆದು ತಡವಾಗಿ ಮುಚ್ಚುತ್ತವೆ. ಬಿ–ಸೀರೀಸ್‌ನಂಥ ಹಳೆಯ ಇಂಜಿನ್‌ಗಳಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದೂ ಕ್ಯಾಮ್‌ಶಾಫ್ಟ್‌ನಿಂದಲೇ. ಹೀಗಾಗಿ ವಾಲ್ವ್ ಹಿಂದೆ ಬಿದ್ದರೆ ಸ್ಪಾರ್ಕ್ ಕೂಡ ಹಿಂದೆ ಬೀಳುತ್ತದೆ. ಚೈನ್ ಅತ್ತಿತ್ತ ಹೊಯ್ದಾಡಿದರೆ ಸ್ಪಾರ್ಕ್ ಕೂಡ ಹೊಯ್ದಾಡುತ್ತದೆ.

ಉದ್ದವಾದ ಚೈನ್ ಹಲ್ಲಿನ ಬುಡದಲ್ಲಿ ಕೂರದೆ ಮೇಲೇರಿ ಕೂರುತ್ತದೆ. ಆಗ ಸ್ಪ್ರಾಕೆಟ್‌ನ ಹಲ್ಲುಗಳೂ ಒಂದು ಬದಿಗೆ ಸವೆದು ಕೊಕ್ಕೆಯ ಹಾಗಾಗುತ್ತವೆ. ಅಂಥ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಹಳೆಯ ಹಲ್ಲು ಹೊಸ ಚೈನನ್ನು ಬೇಗ ತಿಂದುಹಾಕುತ್ತದೆ. ಬೈಕ್ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೈನ್, ಹಿಂದಿನ ಸ್ಪ್ರಾಕೆಟ್, ಮುಂದಿನ ಸ್ಪ್ರಾಕೆಟ್ ಮೂರನ್ನೂ ಸೆಟ್ ಆಗಿಯೇ ಹಾಕಿಸುತ್ತೇವಲ್ಲ, ಅದೇ ನಿಯಮ. ಬೈಕಿನದು ಕಣ್ಣೆದುರು ಇರುತ್ತದೆ, ಕಾರಿನದು ತಗಡಿನ ಕವರಿನ ಹಿಂದೆ ಅಡಗಿರುತ್ತದೆ ಎನ್ನುವುದಷ್ಟೇ ವ್ಯತ್ಯಾಸ. ಕಾಣದ್ದನ್ನು ಮುಂದೂಡುವುದು ಮನುಷ್ಯ ಸ್ವಭಾವ. “ಚೈನ್ ಒಂದ ಹಾಕ್ರಿ ಅಂದ್ರ ಹಾಕ್ತೇನ್ರೀ ಸಾವಕಾರ್ರ, ಮತ್ತ ಆರ ತಿಂಗಳಿಗೆ ಇಲ್ಲೇ ಬರಬೇಕಾಕ್ಕೇತಿ ನೋಡ್ರಿ” ಎಂದು ಮಿಸ್ತ್ರಿ ಹೇಳಿದರೆ ಅದು ಬಿಲ್ ಏರಿಸುವ ಹುನ್ನಾರವಲ್ಲ, ಹಲ್ಲಿನ ಲೆಕ್ಕ.

ಗಿರಣಿಯ ಊರಿಗೆ ಗೊತ್ತಿದ್ದ ಲೆಕ್ಕ

ತಿರುಗುವ ಎರಡು ಶಾಫ್ಟ್‌ಗಳ ನಡುವಿನ ನಂಟು ಕೆಟ್ಟರೆ ಏನಾಗುತ್ತದೆ ಎಂಬುದು ಗೋಕಾಕ ಫಾಲ್ಸಿಗೆ ಕಾರು ಬರುವ ಮೊದಲೇ ಗೊತ್ತಿತ್ತು. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವ ಈ ಜಾಗದಲ್ಲಿ ನೀರಿನ ಬಲದಿಂದ ನೂಲು ತೆಗೆಯಲು 1885ರಲ್ಲಿ ಕಂಪನಿ ಹುಟ್ಟಿತು. ಎರಡು ವರ್ಷದಲ್ಲಿ, 1887ರಲ್ಲಿ, ಇಲ್ಲಿ ಜಲವಿದ್ಯುತ್ ಕೂಡ ಹುಟ್ಟಿತೆಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ತೂಗುಸೇತುವೆ ನೋಡಲು ಬರುವವರ ಕಣ್ಣಿಗೆ ಬೀಳುವುದು ನದಿ ಮತ್ತು ಬಂಡೆ. ಊರಿನ ಹೊಟ್ಟೆ ಹೊರೆದದ್ದು ಗಿರಣಿ.

ನೂಲಿನ ಗಿರಣಿಯಲ್ಲಿ ರಿಂಗ್ ಫ್ರೇಮ್ ಎಂಬ ಯಂತ್ರವಿರುತ್ತದೆ. ಮುಂದಿನ ರೋಲರ್ ಹತ್ತಿಯ ಎಳೆಯನ್ನು ಹೊರಬಿಡುತ್ತದೆ, ಕೆಳಗಿನ ಸ್ಪಿಂಡಲ್ ಅದಕ್ಕೆ ಹುರಿ ಕೊಡುತ್ತದೆ. ಒಂದು ಇಂಚು ನೂಲಿಗೆ ಎಷ್ಟು ಹುರಿ ಎಂಬುದು ರೋಲರಿನ ವೇಗಕ್ಕೂ ಸ್ಪಿಂಡಲಿನ ವೇಗಕ್ಕೂ ಇರುವ ಅನುಪಾತದ ಮೇಲೆ ನಿಂತಿದೆ. ಆ ಅನುಪಾತ ಬದಲಿಸಲು ‘ಚೇಂಜ್ ವೀಲ್’ ಎಂಬ ಹಲ್ಲಿನ ಚಕ್ರ ಬದಲಿಸುತ್ತಾರೆ. ಒಂದು ಹಲ್ಲು ಹೆಚ್ಚಾದರೆ ನೂಲಿನ ಗುಣವೇ ಬೇರೆ. ಇಡೀ ಯಂತ್ರ ಚೆನ್ನಾಗಿದ್ದೂ ಒಂದು ಚಕ್ರದಲ್ಲಿ ತಪ್ಪಿದ್ದರೆ ಪಾಳಿ ಮುಗಿಯುವುದರೊಳಗೆ ರಾಶಿ ನೂಲು ಹಾಳು. ಹಲ್ಲು ಎಣಿಸಿ ಚಕ್ರ ಹಾಕುವ ಫಿಟರುಗಳಿದ್ದ ಊರಿಗೆ ಇಂಜಿನ್‌ನ ಟೈಮಿಂಗ್ ಹೊಸ ವಿದ್ಯೆಯಾಗಿ ಬರಲಿಲ್ಲ.

ಇವತ್ತಿನ ಮಿಸ್ತ್ರಿಗಳಿಗೆ ಆ ಪಾಠ ಟ್ರ್ಯಾಕ್ಟರಿನಿಂದ ಸಿಗುತ್ತದೆ. ಮೂಡಲಗಿ, ಗೋಕಾಕ, ಹುಕ್ಕೇರಿ ಅಂದರೆ ಕಬ್ಬಿನ ಸೀಮೆ. ಕಾರ್ಖಾನೆ ಶುರುವಾದರೆ ರಸ್ತೆ ತುಂಬ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು. ಅವುಗಳ ಡೀಸೆಲ್ ಇಂಜಿನ್‌ನಲ್ಲಿ ಸಾಮಾನ್ಯವಾಗಿ ಚೈನ್ ಇರುವುದಿಲ್ಲ. ಕ್ರ್ಯಾಂಕ್, ಕ್ಯಾಮ್, ಫ್ಯೂಯಲ್ ಪಂಪ್ ಮೂರನ್ನೂ ಹಲ್ಲಿನ ಗಾಲಿಗಳೇ ಜೋಡಿಸುತ್ತವೆ. ಗಾಲಿಯ ಮೇಲಿನ ಚುಕ್ಕೆಗೆ ಚುಕ್ಕೆ ಕೂಡಿಸದೆ ಮುಂದಿನ ಕವರ್ ಮುಚ್ಚಬಾರದು ಎನ್ನುವುದು ಅಲ್ಲಿ ಕೆಲಸ ಕಲಿಯುವ ಹುಡುಗನಿಗೆ ಸಿಗುವ ಮೊದಲ ಎಚ್ಚರಿಕೆ. ಅವನ ಕೈಗೆ ಎಂಜಿಬಿ ಕೊಟ್ಟರೆ ಚುಕ್ಕೆ ಎಲ್ಲಿದೆ ಎಂದು ಹುಡುಕುತ್ತಾನೆಯೇ ಹೊರತು ಚುಕ್ಕೆ ಯಾಕೆ ಎಂದು ಕೇಳುವುದಿಲ್ಲ.

ಬಿಚ್ಚುವ ಮೊದಲು ಕೇಳಿ, ನೋಡಿ

ಟೈಮಿಂಗ್ ಚೈನ್ ತನ್ನ ದುಃಖವನ್ನು ಮೊದಲು ಕಿವಿಗೆ ಹೇಳುತ್ತದೆ. ಬೆಳಗ್ಗೆ ತಣ್ಣಗಿರುವ ಇಂಜಿನ್ ಚಾಲೂ ಮಾಡಿದಾಗ ಮುಂಭಾಗದಿಂದ, ರೇಡಿಯೇಟರ್ ಕಡೆಯಿಂದ, ಸಣ್ಣ ಸರಪಳಿಯನ್ನು ಡಬ್ಬಿಯಲ್ಲಿ ಅಲುಗಿಸಿದಂಥ ಸದ್ದು. ಆಯಿಲ್ ಪ್ರೆಷರ್ ಏರಿ ಟೆನ್ಷನರ್ ಉಬ್ಬಿದ ಮೇಲೆ ಸದ್ದು ತಗ್ಗಬಹುದು. ತಗ್ಗಿತೆಂದರೆ ರೋಗ ಹೋಯಿತೆಂದಲ್ಲ. ಐಡಲ್‌ನಲ್ಲಿ ಇಂಜಿನ್ ಎದ್ದು ಬಿದ್ದು ಓಡುತ್ತದೆ. ಏರಿನಲ್ಲಿ ಕೆಳಗಿನ ವೇಗದ ಎಳೆತ ಕಡಿಮೆಯಾಗುತ್ತದೆ, ಗೇರ್ ಇಳಿಸಿದರೇ ಮುಂದೆ ಸಾಗುತ್ತದೆ. ಕಾರ್ಬ್ಯುರೇಟರ್ ಎಷ್ಟು ಸಲ ಟ್ಯೂನ್ ಮಾಡಿದರೂ ನಾಲ್ಕು ದಿನಕ್ಕೆ ಮತ್ತದೇ ರಾಗ.

ಕವರ್ ಬಿಚ್ಚದೆ ಸಡಿಲು ಅಳೆಯುವ ಹಳೆಯ ಉಪಾಯವೊಂದಿದೆ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಇಗ್ನಿಷನ್ ಬಂದ್ ಇರಲಿ. ಇಂಜಿನ್ ಹಗುರವಾಗಿ ತಿರುಗಲು ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆಯಿರಿ. ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದರೆ ಒಳಗೆ ರೋಟರ್ ಕಾಣುತ್ತದೆ. ಕ್ರ್ಯಾಂಕ್ ಪುಲ್ಲಿಗೆ ಪಾನಾ ಹಚ್ಚಿ ಇಂಜಿನ್ ತಿರುಗುವ ದಿಕ್ಕಿಗೆ ಸ್ವಲ್ಪ ತಿರುಗಿಸಿ ನಿಲ್ಲಿಸಿ. ಈಗ ಅಷ್ಟೇ ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ರೋಟರನ್ನೇ ನೋಡಿ. ಪುಲ್ಲಿ ಅಲುಗಿದರೂ ರೋಟರ್ ಸುಮ್ಮನಿರುವಷ್ಟು ಹೊತ್ತು ಚೈನ್ ತನ್ನ ಸಡಿಲನ್ನು ನುಂಗುತ್ತಿರುತ್ತದೆ. ಡಿಸ್ಟ್ರಿಬ್ಯೂಟರ್ ಗೇರಿನ ಅಲ್ಪ ಆಟವೂ ಅದರಲ್ಲಿ ಸೇರಿರುತ್ತದೆ ಎನ್ನುವುದು ನೆನಪಿರಲಿ. ಪುಲ್ಲಿಯ ಮೇಲಿನ ಗುರುತು ಎದ್ದು ಕಾಣುವಷ್ಟು ದೂರ ಸರಿದ ಮೇಲೆ ರೋಟರ್ ಎಚ್ಚರಗೊಂಡರೆ ಕವರ್ ಬಿಚ್ಚುವ ಕಾಲ ಬಂದಿದೆ. ಟೈಮಿಂಗ್ ಲೈಟ್ ಇದ್ದವರಿಗೆ ಇನ್ನೊಂದು ಸಾಕ್ಷಿ: ಐಡಲ್‌ನಲ್ಲಿ ಪುಲ್ಲಿಯ ಗುರುತು ಒಂದೆಡೆ ನಿಲ್ಲದೆ ಅತ್ತಿತ್ತ ಕುಣಿಯುತ್ತದೆ.

ಕವರಿನ ಹಿಂದೆ

ಕೆಲಸ ಶುರುವಾಗುವುದು ಬ್ಯಾಟರಿ ಕಳಚುವುದರಿಂದ. ರೇಡಿಯೇಟರ್ ನೀರು ಇಳಿಸಿ, ಹೋಸ್ ಬಿಚ್ಚಿ, ರೇಡಿಯೇಟರ್ ಹೊರಗಿಡಬೇಕು. ಫ್ಯಾನ್ ಬೆಲ್ಟ್ ತೆಗೆದ ಮೇಲೆ ಎದುರಿಗೆ ಕ್ರ್ಯಾಂಕ್ ಪುಲ್ಲಿಯ ದಪ್ಪ ನಟ್. ಹ್ಯಾಂಡಲ್ ಹೊಡೆದು ಗಾಡಿ ಸ್ಟಾರ್ಟ್ ಮಾಡುತ್ತಿದ್ದ ಕಾಲದಲ್ಲಿ ಹ್ಯಾಂಡಲಿನ ತುದಿ ಸಿಕ್ಕಿಕೊಳ್ಳುತ್ತಿದ್ದದ್ದು ಇದಕ್ಕೇ. ಅದರ ಕೆಳಗಿನ ಲಾಕ್ ವಾಷರಿನ ಮಡಿಕೆಯನ್ನು ಮೊದಲು ಚಪ್ಪಟೆ ಮಾಡಬೇಕು. ನಟ್ ಬಂದರೂ ಪುಲ್ಲಿ ಬಾರದಿದ್ದರೆ ಪುಲ್ಲರ್ ಹಾಕಬೇಕು. ಸುತ್ತಿಗೆಯಿಂದ ಅಂಚಿಗೆ ಬಡಿದರೆ ಪುಲ್ಲಿ ಬಾಗುತ್ತದೆ, ಆಮೇಲೆ ಬೆಲ್ಟ್ ಅಡ್ಡಾದಿಡ್ಡಿ ಓಡುತ್ತದೆ.

ಕವರ್ ತೆಗೆದಾಗ ಮೊದಲು ಕಾಣುವುದು ಆಯಿಲ್ ಥ್ರೋವರ್ ಎಂಬ ತೆಳು ತಟ್ಟೆ. ಸೀಲಿನ ಕಡೆ ಆಯಿಲ್ ನುಗ್ಗದಂತೆ ಅದನ್ನು ಸುತ್ತಲೂ ಚಿಮ್ಮಿಸುವುದು ಇದರ ಕೆಲಸ. ಯಾವ ಮುಖ ಹೊರಗಿತ್ತೆಂದು ಗುರುತಿಟ್ಟುಕೊಳ್ಳದೆ ತಿರುವುಮುರುವು ಹಾಕಿದರೆ ಹೊಸ ಸೀಲ್ ಕೂಡ ಸೋರಬಹುದು. ಥ್ರೋವರಿನ ಹಿಂದೆ ಎರಡು ಸ್ಪ್ರಾಕೆಟ್, ಚೈನ್, ಬದಿಗೆ ಟೆನ್ಷನರ್. ಎಂಜಿಬಿಯ ಹಿಂದಿನ ಮಾದರಿಗಳಲ್ಲಿ ಎರಡು ಸಾಲಿನ ಚೈನ್, ಕೊನೆಯ ವರ್ಷಗಳಲ್ಲಿ ಒಂದು ಸಾಲಿನದು. ಇಂಜಿನ್ ನಂಬರ್ ನೋಡದೆ ಸೆಟ್ ತರಿಸಿದವರು ಈ ಹಂತದಲ್ಲಿ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಟೆನ್ಷನರಿನ ಚಾತುರ್ಯ ನಿಂತು ನೋಡುವಂಥದ್ದು. ಚೈನಿಗೆ ಒತ್ತುವ ರಬ್ಬರ್ ಮೂತಿ, ಅದರ ಹಿಂದೆ ಸ್ಪ್ರಿಂಗ್, ಅದರೊಳಗೆ ಇಂಜಿನ್‌ನಿಂದ ಬರುವ ಆಯಿಲಿನ ಒತ್ತಡ. ಚೈನ್ ಸವೆದಂತೆ ಮೂತಿ ಮುಂದೆ ಬರುತ್ತದೆ, ಒಳಗಿನ ಓರೆ ತೋಡುಗಳು ಅದನ್ನು ಹಿಂದೆ ಸರಿಯಗೊಡುವುದಿಲ್ಲ. ತೆಗೆಯುವ ಮೊದಲು ಕೆಳಗಿನ ಪ್ಲಗ್ ಬಿಚ್ಚಿ, ಸಣ್ಣ ಅಲೆನ್ ಕೀ ತೂರಿಸಿ ಬಲಕ್ಕೆ ತಿರುಗಿಸಿದರೆ ಮೂತಿ ಗೂಡಿಗೆ ಸೇರುತ್ತದೆ. ಹಳೆಯ ಮೂತಿಯ ಮೇಲೆ ಚೈನಿನ ಕೊಂಡಿಗಳು ಕೊರೆದ ಆಳವಾದ ಗೀರುಗಳು ಕಂಡರೆ ಚೈನ್ ಎಷ್ಟು ವರ್ಷ ದುಡಿದಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಉದುರಿದ ರಬ್ಬರ್ ಚೂರು ಎಲ್ಲಿ ಹೋಯಿತು ಎನ್ನುವುದು ಮುಂದಿನ ಪ್ರಶ್ನೆ. ಉತ್ತರ ಸಂಪಿನಲ್ಲಿ, ಆಯಿಲ್ ಪಂಪಿನ ಜಾಲರಿಯಲ್ಲಿ ಸಿಗುತ್ತದೆ.

ಎರಡು ಸ್ಪ್ರಾಕೆಟ್‌ಗಳ ಮುಖದ ಮೇಲೂ ಒಂದೊಂದು ಚುಕ್ಕೆ. ಇಂಜಿನನ್ನು ಕೈಯಿಂದ ತಿರುಗಿಸಿ ಎರಡೂ ಚುಕ್ಕೆ ಎದುರುಬದುರು ಬಂದಾಗ ನಿಲ್ಲಿಸಬೇಕು. ಆಮೇಲೆ ಕ್ಯಾಮ್‌ನ ನಟ್ ಬಿಚ್ಚಿ, ಎರಡೂ ಸ್ಪ್ರಾಕೆಟ್ ಮತ್ತು ಚೈನನ್ನು ಮೇಲೊಮ್ಮೆ ಕೆಳಗೊಮ್ಮೆ ಮೀಟುತ್ತ ಒಟ್ಟಿಗೇ ಹೊರತರುವುದು. ಹೊಸದನ್ನು ಕೂರಿಸುವುದೂ ಒಟ್ಟಿಗೇ, ಚುಕ್ಕೆಗೆ ಚುಕ್ಕೆ ಕೂಡಿಸಿಕೊಂಡೇ. ಈ ನಡುವೆ ಡಿಸ್ಟ್ರಿಬ್ಯೂಟರನ್ನು ಮುಟ್ಟಬಾರದು. ಅದನ್ನೂ ಎತ್ತಿದರೆ ಒಂದಿದ್ದ ಕೆಲಸ ಎರಡಾಗುತ್ತದೆ.

ಅವಸರದ ಗ್ಯಾರೇಜುಗಳು ಹಾರಿಸುವ ಹೆಜ್ಜೆ ಮುಂದಿನದು. ಎರಡೂ ಸ್ಪ್ರಾಕೆಟ್ ಒಂದೇ ಸಾಲಿನಲ್ಲಿ ಕೂತಿವೆಯೇ ಎಂದು ಅವುಗಳ ಮುಖಕ್ಕೆ ನೇರ ಪಟ್ಟಿ ಹಿಡಿದು, ಸಂದಿಗೆ ಫೀಲರ್ ಗೇಜ್ ತೂರಿಸಿ ಅಳೆಯಬೇಕು. ವ್ಯತ್ಯಾಸವಿದ್ದರೆ ಕ್ರ್ಯಾಂಕ್ ಸ್ಪ್ರಾಕೆಟ್‌ನ ಹಿಂದಿನ ಶಿಮ್‌ಗಳನ್ನು ಕೂಡಿಸಿಯೋ ಕಳೆದೋ ಸರಿಮಾಡಬೇಕು. ಸಾಲು ತಪ್ಪಿದ ಚೈನ್ ಪ್ರತಿ ಸುತ್ತಿನಲ್ಲೂ ಸೊಂಟ ಬಾಗಿಸಿ ಓಡುತ್ತದೆ, ಹೊಸ ಸೆಟ್ಟಿನ ಆಯಸ್ಸು ಅರ್ಧಕ್ಕಿಳಿಯುತ್ತದೆ. ಮುಚ್ಚುವ ಮೊದಲು ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿದರೆ ಚುಕ್ಕೆಗಳು ಮತ್ತೆ ಎದುರಾಗಬೇಕು. ಒಂದೇ ಸುತ್ತಿಗೆ ಎದುರಾಗಲಿಲ್ಲವೆಂದು ಗಾಬರಿಯಾಗಿ ಎಲ್ಲ ಬಿಚ್ಚುವುದು ಬೇಡ. ಕ್ಯಾಮ್ ಅರ್ಧ ವೇಗದ್ದು.

ಕೊನೆಗೆ ಕವರ್. ಹೊಸ ಸೀಲ್ ಹಾಕಿ, ಬೋಲ್ಟ್‌ಗಳನ್ನು ಬಿಗಿಯದೆ ಹಗುರವಾಗಿ ಕೂರಿಸಿ, ಪುಲ್ಲಿಯನ್ನು ಸೀಲಿನೊಳಗೆ ತೂರಿಸಬೇಕು. ಪುಲ್ಲಿಯೇ ಸೀಲನ್ನು ನಟ್ಟನಡುವೆ ತಂದು ನಿಲ್ಲಿಸುತ್ತದೆ. ಆಮೇಲೆ ಬೋಲ್ಟ್ ಬಿಗಿಯುವುದು. ಮೊದಲೇ ಬಿಗಿದು ಆಮೇಲೆ ಪುಲ್ಲಿ ಹಾಕಿದರೆ ಸೀಲ್ ಒಂದು ಬದಿಗೆ ಒತ್ತಿಕೊಂಡು, ಗಾಡಿ ನಿಂತಲ್ಲೆಲ್ಲ ಆಯಿಲಿನ ರಂಗೋಲಿ ಬಿಡುತ್ತದೆ.

ಕ್ಯಾಮ್ ಸವೆದಿದ್ದರೆ

ಇಷ್ಟು ಬಿಚ್ಚಿದ ಮೇಲೆ ಕ್ಯಾಮ್‌ಶಾಫ್ಟ್‌ನ ಸ್ಥಿತಿ ನೋಡದೆ ಬಿಡುವುದು ಜಾಣತನವಲ್ಲ. ವಾಲ್ವ್ ಎತ್ತುವ ಅದರ ಉಬ್ಬುಗಳ ತುದಿ ಚಪ್ಪಟೆಯಾಗಿದ್ದರೆ ವಾಲ್ವ್ ಪೂರ್ತಿ ತೆರೆಯುವುದಿಲ್ಲ. ಎಂಥ ಹೊಸ ಚೈನ್ ಹಾಕಿದರೂ ಅದು ಸರಿಹೋಗುವುದಿಲ್ಲ. ಒಳ್ಳೆಯ ಕ್ಯಾಮ್‌ಶಾಫ್ಟ್‌ನ ಗುಟ್ಟು ಅದರ ಎರಕದಲ್ಲಿದೆ. ಉಬ್ಬುಗಳು ಬರುವ ಜಾಗದಲ್ಲಿ ಅಚ್ಚಿನೊಳಗೆ ಲೋಹದ ತುಂಡುಗಳನ್ನಿಟ್ಟು ಕರಗಿದ ಬೀಡನ್ನು ಸುರಿದರೆ ಅಷ್ಟು ಭಾಗ ಸರ್ರನೆ ತಣ್ಣಗಾಗಿ ಗಡಸಾಗುತ್ತದೆ. ಉಳಿದ ಶಾಫ್ಟ್ ನಿಧಾನವಾಗಿ ತಣಿದು, ಕೊರೆಯಲು ಒಗ್ಗುವಷ್ಟು ಮೆದುವಾಗಿ ಉಳಿಯುತ್ತದೆ. ಈ ವಿದ್ಯೆಯಲ್ಲಿ ದೊಡ್ಡ ಹೆಸರು ಮಾಡಿದ ಕಾರ್ಖಾನೆ ಕನ್ನಡ ಮಾತು ಕಿವಿಗೆ ಬೀಳುವ ಗಡಿಜಿಲ್ಲೆ ಸೊಲ್ಲಾಪುರದಲ್ಲೇ ಇದೆ. 1992ರಲ್ಲಿ ಶುರುವಾದ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್, ಜಗತ್ತಿನ ದೊಡ್ಡ ಕಾರು ಕಂಪನಿಗಳಿಗೆ ಕ್ಯಾಮ್‌ಶಾಫ್ಟ್ ಕಳಿಸುತ್ತದೆ.

ಹೊಸ ಕ್ಯಾಮ್ ಹಾಕಿದರೆ ಅದರ ಮೇಲೆ ಕೂರುವ ಟ್ಯಾಪೆಟ್‌ಗಳೂ ಹೊಸವೇ ಆಗಬೇಕು. ಹಳೆಯ ಉಬ್ಬಿನ ಮೇಲೆ ಸವೆದು ಗುಂಡಿಬಿದ್ದ ಟ್ಯಾಪೆಟ್ ಹೊಸ ಉಬ್ಬನ್ನು ಕೆರೆದುಹಾಕುತ್ತದೆ. ಆಯಿಲಿನ ವಿಷಯದಲ್ಲೂ ‘ಹೊಸದೆಲ್ಲ ಒಳ್ಳೆಯದು’ ಎಂಬ ಮಾತು ಇಲ್ಲಿ ನಡೆಯದು. ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದೆಂದು ಹೊಸ ಕಾರುಗಳ ತೆಳು ಆಯಿಲ್‌ಗಳಲ್ಲಿ ಸತು–ರಂಜಕದ ಅಂಶ ತಗ್ಗಿಸಿದ್ದಾರೆ. ಚಪ್ಪಟೆ ಟ್ಯಾಪೆಟ್‌ನ ಹಳೆಯ ಇಂಜಿನ್‌ಗಳಲ್ಲಿ ಉಬ್ಬುಗಳನ್ನು ಕಾಯುವುದು ಅದೇ ಅಂಶ. ಇಂಥ ಇಂಜಿನ್‌ಗಳಿಗೆ ಹಳೆಯ 20ಡಬ್ಲ್ಯೂ–50 ದರ್ಜೆಯೇ ಹೊಂದುತ್ತದೆ.

ಬೆಲ್ಟಿನ ಕಾಲ

ಚೈನಿನ ಸದ್ದು, ತೂಕ, ಖರ್ಚು ತಗ್ಗಿಸಲು ಹಲ್ಲಿರುವ ರಬ್ಬರ್ ಬೆಲ್ಟ್ ಬಂತು. 1962ರ ಜರ್ಮನಿಯ ಗ್ಲಾಸ್ 1004 ಕಾರು ಇದಕ್ಕೆ ನಾಂದಿ ಹಾಡಿತು. 1966ರಲ್ಲಿ ಫಿಯೆಟ್ 124 ಸ್ಪೋರ್ಟ್ಸ್ ಮಾದರಿಗಳಿಗೆ ಔರೆಲಿಯೊ ಲಂಪ್ರೆದಿ ಎಂಬ ಇಂಜಿನಿಯರ್ ಅದನ್ನು ಎರಡು ಕ್ಯಾಮ್‌ಗಳ ಇಂಜಿನ್‌ಗೆ ತಂದರು. ಅದೇ 124ರ ಮೈ ನಮ್ಮಲ್ಲಿ ಪ್ರೀಮಿಯರ್ 118ಎನ್‌ಇ ಆಗಿ ಬಂದಾಗ ಒಳಗೆ ಕೂತದ್ದು ನಿಸಾನ್‌ನ ಸರಳ ಇಂಜಿನ್. ಎರಡು ಕ್ಯಾಮ್‌ನ ಭಾಗ್ಯ ನಮಗೆ ಬರಲಿಲ್ಲ. ಬೆಲ್ಟನ್ನು ಮನೆಮನೆಗೆ ತಂದದ್ದು ಮಾರುತಿ 800.

ಬೆಲ್ಟ್ ಚೈನಿನಂತೆ ಅಳುವುದಿಲ್ಲ. ಸದ್ದಿಲ್ಲದೆ ಓಡುತ್ತಿದ್ದು ಒಂದು ದಿನ ಪಟ್ಟನೆ ಹರಿಯುತ್ತದೆ. ಹರಿದಾಗ ಹಲವು ಇಂಜಿನ್‌ಗಳಲ್ಲಿ ಪಿಸ್ಟನ್ ಬಂದು ತೆರೆದ ವಾಲ್ವಿಗೆ ಗುದ್ದುತ್ತದೆ. ಇದಕ್ಕೆಂದೇ ಕಂಪನಿಗಳು ಕಿ.ಮೀ. ಜೊತೆಗೆ ವರ್ಷದ ಗಡುವನ್ನೂ ಹಾಕುತ್ತವೆ. ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿದ ಸ್ಪೋರ್ಟ್ಸ್ ಕಾರಿನ ಮಾಲೀಕರು ಎಡವುವುದು ಇಲ್ಲೇ: ಮೀಟರ್ ಓಡಿರುವುದಿಲ್ಲ, ರಬ್ಬರಿಗೆ ಮಾತ್ರ ವಯಸ್ಸಾಗಿರುತ್ತದೆ. ಬೆಲ್ಟ್ ಬದಲಿಸುವಾಗಲೂ ಟೆನ್ಷನರ್, ಐಡ್ಲರ್, ಅದೇ ಬೆಲ್ಟಿನಿಂದ ತಿರುಗುವುದಾದರೆ ವಾಟರ್ ಪಂಪ್ ಎಲ್ಲವನ್ನೂ ಒಟ್ಟಿಗೇ ಹಾಕುವುದು ಕ್ರಮ.

ದುಬಾರಿ ಕಾರುಗಳಿಗೂ ಈ ಪಾಡು ತಪ್ಪಿಲ್ಲ. ಪೋರ್ಷೆ 911ರ ಹಳೆಯ ಚೈನ್ ಟೆನ್ಷನರ್‌ಗಳು ಕೈಕೊಡುತ್ತಿದ್ದವು. 1984ರ ಮಾದರಿಯಿಂದ ಕಂಪನಿ ಆಯಿಲ್ ಒತ್ತಡದ ಟೆನ್ಷನರ್ ಹಾಕಿದ ಮೇಲೆ ಹಿಂದಿನ ಕಾರುಗಳ ಮಾಲೀಕರೂ ಅದನ್ನೇ ತಂದು ಕೂರಿಸಿಕೊಂಡರು. ಬಿಎಂಡಬ್ಲ್ಯೂ 1992ರಲ್ಲಿ ತಂದ ವ್ಯಾನೊಸ್ ವ್ಯವಸ್ಥೆ ಓಡುವಾಗಲೇ ಕ್ಯಾಮ್‌ನ ಡಿಗ್ರಿಯನ್ನು ಹಿಂದೆಮುಂದೆ ಸರಿಸುತ್ತದೆ. ವರ್ಷಗಳು ಕಳೆದ ಮೇಲೆ ಅದರೊಳಗಿನ ಸಣ್ಣ ಸೀಲುಗಳು ಗಡಸಾಗಿ ಎಳೆತ ಕುಗ್ಗುತ್ತದೆ. ಯಂತ್ರ ಎಷ್ಟೇ ಮುಂದುವರಿದರೂ ಸವೆಯುವುದು ಆ ಎರಡು ಶಾಫ್ಟ್‌ಗಳ ನಂಟೇ.

ಸಾಮಾನು ಎಲ್ಲಿಂದ, ಕೈ ಎಲ್ಲಿಂದ?

ಅಂಬಾಸಿಡರಿನ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಕೋಲ್ಕತ್ತದ ಅಂಗಡಿಗಳು ಇನ್ನೂ ದಾರಿ ತೋರಿಸುತ್ತವೆ. ಎಂಜಿಬಿಯ ಟೈಮಿಂಗ್ ಸೆಟ್ ಇವತ್ತಿಗೂ ಇಂಗ್ಲೆಂಡಿನಲ್ಲಿ ಹೊಸದಾಗಿ ತಯಾರಾಗುತ್ತದೆ. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರ ಕೇಂದ್ರ ನಿಯಮ ‘ವಿಎ’ ಅಕ್ಷರದ ಪ್ರತ್ಯೇಕ ನೋಂದಣಿ ಕೊಟ್ಟು ಅವುಗಳನ್ನು ಗುಜರಿಯ ಬಾಯಿಂದ ಉಳಿಸಿದೆ. ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ ಎಂಬ ಷರತ್ತು ಅದರ ಜೊತೆಗಿದೆ.

ನಾಜೂಕು ಕೆಲಸಕ್ಕೂ ಈ ಸೀಮೆಯಲ್ಲಿ ಬರವಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಮನೆಗಳೂ ಲೇತ್‌ಗಳೂ ಸಾಲಾಗಿವೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ, ಹೆದ್ದಾರಿಯ ಪಕ್ಕ, 2009ರಲ್ಲಿ ಶುರುವಾದ ಏಕಸ್ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತವೆ. ಕೂದಲೆಳೆಯ ಭಾಗದಷ್ಟೂ ಅಳತೆ ತಪ್ಪದ ಯಂತ್ರಗಳು ಕಬ್ಬಿನ ಗದ್ದೆಗಳ ನಡುವೆ ನಿಂತಿವೆ. ಸವೆದ ಸ್ಪ್ರಾಕೆಟ್‌ಗೆ ಬದಲಿ ಸಿಗದೇ ಹೋದರೆ ಹಳೆಯದರ ಅಳತೆ ತೆಗೆದು ಹೊಸದನ್ನು ಕೊರೆದು ಕೊಡಬಲ್ಲ ವಿದ್ಯೆ ಈ ಸುತ್ತಿನಲ್ಲಿದೆ.

ಕಡಿಮೆಯಾಗುತ್ತಿರುವುದು ಹಳೆಯ ಇಂಜಿನ್ ಬಿಚ್ಚಿ ನೋಡುವ ಅವಕಾಶ. ಹೊಸ ಕಾರು ಕೆಟ್ಟರೆ ಸ್ಕ್ಯಾನರ್ ಹಚ್ಚಿ ಕೋಡ್ ಓದುತ್ತಾರೆ. ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಓದುವ ಹುಡುಗನಿಗೆ ಎರಡು ಶಾಫ್ಟ್‌ಗಳ ನಂಟು ಪುಸ್ತಕದ ಚಿತ್ರವಾಗಿಯೇ ಉಳಿದುಬಿಡುತ್ತದೆ. ಗುಜರಿಗೆ ಹೋಗುವ ಒಂದೊಂದು ಅಂಬಾಸಿಡರ್ ಇಂಜಿನ್ ಒಂದೊಂದು ಐಟಿಐಯ ಮೇಜಿನ ಮೇಲೆ ಕೂತರೆ, ಚುಕ್ಕೆಗೆ ಚುಕ್ಕೆ ಕೂಡಿಸುವುದನ್ನು ಕೈಯಾರೆ ಕಲಿತವನಿಗೆ ನಾಳೆ ಯಾವ ಸ್ಪೋರ್ಟ್ಸ್ ಕಾರು ಬಂದರೂ ಅಂಜಿಕೆಯಿರುವುದಿಲ್ಲ. ಎಲೆಕ್ಟ್ರಿಕ್ ಕಾರುಗಳಲ್ಲಿ ಕ್ಯಾಮ್ ಇಲ್ಲ, ವಾಲ್ವ್ ಇಲ್ಲ, ಚೈನೂ ಇಲ್ಲ. ಆದರೆ ರಸ್ತೆಯಲ್ಲಿ ಇಂದು ಓಡುತ್ತಿರುವ ಪೆಟ್ರೋಲ್ ಗಾಡಿಗಳೆಲ್ಲ ಹಳೆಯವಾಗುವುದು ಇನ್ನು ಮುಂದೆ.

ಶೆಡ್ಡಿನಲ್ಲಿ ಹಳೆಯ ಗಾಡಿ ಇಟ್ಟುಕೊಂಡವರು, ಅದು ಎಂಜಿಬಿಯೇ ಇರಲಿ, ಅಜ್ಜನ ಅಂಬಾಸಿಡರೇ ಇರಲಿ, ಮೊದಲು ರೋಟರಿನ ಪರೀಕ್ಷೆ ಮಾಡಿ ನೋಡಲಿ. ಸಡಿಲು ಕಂಡರೆ ಇಂಜಿನ್ ನಂಬರ್ ಬರೆದುಕೊಂಡು ಸೆಟ್ ತರಿಸಿ. ಪೊಟ್ಟಣ ಬಿಚ್ಚಿ ಎರಡು ಸ್ಪ್ರಾಕೆಟ್, ಚೈನ್, ಟೆನ್ಷನರ್, ಸೀಲ್, ಗ್ಯಾಸ್ಕೆಟ್, ಲಾಕ್ ವಾಷರ್ ಎಲ್ಲ ಬಂದಿವೆಯೇ ಎಣಿಸಿಕೊಳ್ಳಿ. ಪಾನಾ ಕೈಗೆ ತೆಗೆದುಕೊಳ್ಳುವುದು ಆಮೇಲೆ. ಈ ಕ್ರಮ ಹಿಂದುಮುಂದಾದರೆ ಅಗ್ಗದ ಒಂದು ಗ್ಯಾಸ್ಕೆಟ್ ಬರುವ ತನಕ ಗಾಡಿ ರೇಡಿಯೇಟರ್ ಕಳಚಿಕೊಂಡು ಗ್ಯಾರೇಜಿನ ಮೂಲೆಯಲ್ಲಿ ಮಳೆಗಾಲ ಕಳೆಯಬೇಕಾದೀತು.